ಈ ಪ್ರೋಗ್ರಾಂ ಯಾರ ಹೆಸರಿನಲ್ಲಿ ನಡೆಯುತ್ತಿದೆ?



ಈಗ ಬಹಳಷ್ಟು ಒಕ್ಕೂಟಗಳ ಕಚೇರಿಯಲ್ಲಿ ಒಂದು ಕಂಪ್ಯೂಟರ್ ಇದೆ. ಸಂಘಗಳ ಉಳಿತಾಯ, ಸಾಲ, ಬಡ್ಡಿ, ಮರುಪಾವತಿ ಎಲ್ಲವೂ ಅದರೊಳಗೆ ಹೋಗುತ್ತದೆ. ದಿನವೂ ಲೆಕ್ಕ ಬರೆಯುವವಳು ಒಬ್ಬಳು, ಅವಳು ರಜೆ ಹಾಕಿದ ದಿನ ಇನ್ನೊಬ್ಬಳು, ಆಡಿಟ್ ಬಂದಾಗ ಮೂರನೆಯವರು. ಎಲ್ಲರೂ ಕೂರುವುದು ಒಂದೇ ಯಂತ್ರದ ಮುಂದೆ. ಗೊತ್ತಿರುವ ಹುಡುಗ ಹುಡುಗಿಯರಿಂದ ಲೆಕ್ಕಕ್ಕಾಗಿ ಸಣ್ಣ ಪ್ರೋಗ್ರಾಂ ಬರೆಸಿಕೊಂಡ ಒಕ್ಕೂಟಗಳೂ ಇವೆ. ಹಾಗೆ ಬರೆದ ಪ್ರೋಗ್ರಾಂ, ಇನ್ನೊಂದು ಪ್ರೋಗ್ರಾಂ ಅನ್ನು ಬೇರೆಯವರ ಹೆಸರಿನಲ್ಲಿ ಶುರು ಮಾಡಬಲ್ಲದು. ಅದು ಹೇಗೆ, ಅದರಲ್ಲಿ ಅಪಾಯ ಎಲ್ಲಿದೆ ಎನ್ನುವುದೇ ಈ ಸಲದ ಪಾಠ.

"ಇದು ಕಂಪ್ಯೂಟರ್ ಕಲಿತವರ ವಿಷಯ, ನಮಗ್ಯಾಕೆ?" ಅಂತ ಕೇಳಬೇಡಿ. ಇದು ಸಹಿಯ ವಿಷಯ. ಸಂಘ ನಡೆಸಿದವರಿಗೆ ಸಹಿ ಅಂದರೆ ಏನು ಎಂದು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಯೂಸರ್ ಅಕೌಂಟ್ ಅಂದರೇನು?

ಇಲ್ಲಿ ಅಕೌಂಟ್ ಅಂದರೆ ಹಣದ ಖಾತೆ ಅಲ್ಲ. ಕಂಪ್ಯೂಟರಿಗೆ ನಮ್ಮ ಗುರುತು. ಹೆಸರು ಒತ್ತಿ ಪಾಸ್‌ವರ್ಡ್ ಕೊಟ್ಟು ಒಳಗೆ ಹೋದ ಕೂಡಲೇ ವಿಂಡೋಸ್ ನಮಗೊಂದು ಟೋಕನ್ ಕೊಡುತ್ತದೆ. ಇವಳು ಯಾರು, ಏನೇನು ಮಾಡಬಹುದು ಎಂದು ಅದರಲ್ಲಿ ಇರುತ್ತದೆ. ನಾವು ತೆರೆಯುವ ಪ್ರತಿಯೊಂದು ಪ್ರೋಗ್ರಾಂ ಈ ಟೋಕನ್ನಿನ ಪ್ರತಿಯನ್ನು ಕೊರಳಿಗೆ ಹಾಕಿಕೊಂಡೇ ಹೊರಡುತ್ತದೆ. ಆ ಪ್ರೋಗ್ರಾಂ ಇನ್ನೊಂದನ್ನು ತೆರೆದರೆ ಅದಕ್ಕೂ ಅದೇ ಟೋಕನ್. ಅಂದರೆ ಲೆಕ್ಕ ಬರೆಯುವವಳಿಗೆ ಯಾವ ಫೈಲ್ ಅಳಿಸುವ ಅಧಿಕಾರ ಇದೆಯೋ, ಅವಳು ತೆರೆದ ಪ್ರೋಗ್ರಾಂಗೂ ಅದು ಇದೆ. ಅವಳಿಗೆ ಗೊತ್ತಿಲ್ಲದೆ ಪೆನ್‌ಡ್ರೈವ್‌ನಿಂದ ಬಂದ ವೈರಸ್ಸಿಗೂ ಇದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಕೌಂಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಡ್ಮಿನಿಸ್ಟ್ರೇಟರ್ ಅಂದರೆ ಮನೆಯ ಎಲ್ಲ ಬೀಗದ ಕೈ ಇಟ್ಟುಕೊಂಡವಳು. ಸ್ಟ್ಯಾಂಡರ್ಡ್ ಅಂದರೆ ತನ್ನ ಕೋಣೆಯ ಕೈ ಮಾತ್ರ ಇರುವವಳು. ನಮ್ಮ ಕಚೇರಿಗಳಲ್ಲಿ ಒಂದೇ ಅಕೌಂಟ್, ಅದೂ ಅಡ್ಮಿನಿಸ್ಟ್ರೇಟರ್, ಪಾಸ್‌ವರ್ಡೇ ಇಲ್ಲ ಅಥವಾ ಗೋಡೆಯ ಮೇಲೆ ಚೀಟಿ ಅಂಟಿಸಿದೆ ಎನ್ನುವುದು ಮಾಮೂಲಿ ನೋಟ. ಅಂಥ ಕಡೆ ಸಾಲದ ಮೊತ್ತ ಬದಲಾದರೆ ಯಾರು ಬದಲಾಯಿಸಿದರು ಎಂದು ಹುಡುಕಲು ದಾರಿಯೇ ಇಲ್ಲ. ಅನುಮಾನ ಮಾತ್ರ ಎಲ್ಲರ ಮೇಲೂ ಬರುತ್ತದೆ. ಹೆಚ್ಚಾಗಿ ಬರುವುದು ಬಡವಳ ಮೇಲೆ, ಹೊಸಬಳ ಮೇಲೆ. ಆದ್ದರಿಂದ ಕೂರುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಸಿ. ಇದಕ್ಕೆ ಖರ್ಚಿಲ್ಲ.

ಬೇರೆಯವರ ಹೆಸರಿನಲ್ಲಿ ನಡೆಸುವುದು ಯಾಕೆ?

ಒಂದು ಉದಾಹರಣೆ ಹಿಡಿಯೋಣ. ಲೆಕ್ಕದ ಫೈಲುಗಳ ಪ್ರತಿ, ಅಂದರೆ ಬ್ಯಾಕಪ್, ದಿನವೂ ಆಗಬೇಕು. ಬ್ಯಾಕಪ್ ಫೋಲ್ಡರಿಗೆ ಬರೆಯುವ ಅಧಿಕಾರ ಲೆಕ್ಕ ಬರೆಯುವವಳ ಅಕೌಂಟಿಗೇ ಕೊಟ್ಟರೆ ಏನಾಗುತ್ತದೆ? ಅವಳು ಕೈತಪ್ಪಿ ಅಳಿಸಬಹುದು. ಅವಳ ಹೆಸರಿನಲ್ಲಿ ಓಡುವ ವೈರಸ್ ಲೆಕ್ಕವನ್ನೂ ಕೆಡಿಸಿ ಬ್ಯಾಕಪ್ಪನ್ನೂ ಕೆಡಿಸಬಹುದು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಮಾಡುವುದೂ ಇದನ್ನೇ. ಹಾಗಾಗಿ ಬ್ಯಾಕಪ್ಪಿಗೆ ಅಂತಲೇ ಬೇರೆ ಒಂದು ಅಕೌಂಟ್ ಮಾಡಿ, ಆ ಫೋಲ್ಡರಿಗೆ ಬರೆಯುವ ಅಧಿಕಾರವನ್ನು ಅದಕ್ಕೆ ಮಾತ್ರ ಕೊಡುತ್ತಾರೆ. ಲೆಕ್ಕದ ಫೈಲುಗಳನ್ನು ಅದು ಓದಬಹುದು, ತಿದ್ದುವಂತಿಲ್ಲ. ಈಗ ಪ್ರಶ್ನೆ ಬಂತು: ಕುಳಿತಿರುವವಳು ಒಬ್ಬಳು, ಬ್ಯಾಕಪ್ ಪ್ರೋಗ್ರಾಂ ನಡೆಯಬೇಕಾದ್ದು ಇನ್ನೊಂದು ಹೆಸರಿನಲ್ಲಿ.

ಕೈಯಾರೆ ಮಾಡುವುದಾದರೆ, ಶಿಫ್ಟ್ ಕೀ ಒತ್ತಿ ಹಿಡಿದು ಪ್ರೋಗ್ರಾಂ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ 'ರನ್ ಆಸ್ ಡಿಫರೆಂಟ್ ಯೂಸರ್' ಎಂದು ಬರುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟರೆ ಆ ಒಂದು ಪ್ರೋಗ್ರಾಂ ಮಾತ್ರ ಅವರ ಹೆಸರಿನಲ್ಲಿ ನಡೆಯುತ್ತದೆ, ಉಳಿದದ್ದೆಲ್ಲ ನಮ್ಮ ಹೆಸರಿನಲ್ಲೇ. ಇದೇ ಕೆಲಸಕ್ಕೆ ವಿಂಡೋಸ್ 2000ದಿಂದ 'ರನ್‌ಆಸ್' ಎಂಬ ಆಜ್ಞೆಯೂ ಇದೆ. ಅದರಲ್ಲೊಂದು ಒಳ್ಳೆಯ ಗುಣ. ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲೇ ಬರೆದುಕೊಟ್ಟರೆ ಅದು ತೆಗೆದುಕೊಳ್ಳುವುದಿಲ್ಲ. ಮನುಷ್ಯರು ಕುಳಿತು ಒತ್ತಬೇಕು. ಬೇಕೆಂದೇ ಹಾಗೆ ಮಾಡಿದ್ದಾರೆ.

ಕೋಡ್ ಮೂಲಕ ಮಾಡುವುದು

ನಿಮ್ಮ ಮಗಳೋ ಸೊಸೆಯೋ ಬಿಸಿಎ ಓದುತ್ತಿದ್ದರೆ ಈ ಭಾಗ ಅವಳಿಗೆ ಓದಲು ಕೊಡಿ. ವಿಂಡೋಸ್‌ನಲ್ಲಿ 'ಕ್ರಿಯೇಟ್ ಪ್ರೊಸೆಸ್ ವಿತ್ ಲಾಗಾನ್' ಎಂಬ ವ್ಯವಸ್ಥೆ ಇದೆ. ಅದಕ್ಕೆ ಅಕೌಂಟಿನ ಹೆಸರು, ಪಾಸ್‌ವರ್ಡ್, ಯಾವ ಪ್ರೋಗ್ರಾಂ ಎನ್ನುವುದನ್ನು ಕೋಡ್ ಒಪ್ಪಿಸಬೇಕು. ಡಾಟ್‌ನೆಟ್‌ನಲ್ಲಿ ಬರೆಯುವವರು 'ಪ್ರೊಸೆಸ್ ಸ್ಟಾರ್ಟ್ ಇನ್ಫೋ'ದಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ, 'ಯೂಸ್ ಶೆಲ್ ಎಕ್ಸಿಕ್ಯೂಟ್' ಎನ್ನುವುದನ್ನು ಬೇಡ ಎಂದು ಇಡಬೇಕು. ಇಷ್ಟು ಸಾಲು ಬರೆಯುವುದು ಕಷ್ಟವಲ್ಲ. ಆ ಪಾಸ್‌ವರ್ಡ್ ಕೋಡಿಗೆ ಎಲ್ಲಿಂದ ಬರುತ್ತದೆ? ಕಷ್ಟ ಇರುವುದು ಅಲ್ಲಿ.

ನಮ್ಮ ಸಂಘಗಳಲ್ಲಿ ಒಂದು ಕೆಟ್ಟ ಅಭ್ಯಾಸ ಇತ್ತು, ಕೆಲವು ಕಡೆ ಈಗಲೂ ಇದೆ. ಬ್ಯಾಂಕಿನಿಂದ ಹಣ ತೆಗೆಯಲು ಅಧ್ಯಕ್ಷೆ, ಕಾರ್ಯದರ್ಶಿ ಇಬ್ಬರ ಸಹಿ ಬೇಕು. ಅಧ್ಯಕ್ಷೆಗೆ ಪ್ರತಿ ಸಲ ಕೂಲಿ ಬಿಟ್ಟು ಬರಲು ಆಗುವುದಿಲ್ಲ. ಅದಕ್ಕೆ ಏಳೆಂಟು ಖಾಲಿ ಫಾರಂಗಳಿಗೆ ಮೊದಲೇ ಸಹಿ ಮಾಡಿ ಬೀರುವಿನಲ್ಲಿ ಇಟ್ಟುಬಿಡುವುದು. ಸುಲಭ ಹೌದು. ಆದರೆ ಬೀರು ತೆರೆದ ಯಾರಿಗೂ ಅಧ್ಯಕ್ಷೆಯ ಕೈ ಸಿಕ್ಕಿತು. ಮೊತ್ತ ಎಷ್ಟು ಬರೆದರೂ ಸಹಿ ಅವಳದೇ, ನಾಳೆ ಉತ್ತರ ಹೇಳಬೇಕಾದವಳೂ ಅವಳೇ.

ಪಾಸ್‌ವರ್ಡನ್ನು ಕೋಡಿನೊಳಗೆ ಬರೆದಿಡುವುದು ಸರಿಯಾಗಿ ಇದೇ ಕೆಲಸ. "ಪ್ರೋಗ್ರಾಂ ಒಳಗೆ ಇದೆ, ಯಾರಿಗೂ ಕಾಣಲ್ಲ ಮೇಡಂ" ಅಂತ ಬರೆದುಕೊಟ್ಟವರು ಹೇಳಬಹುದು. ಬ್ಯಾಚ್ ಫೈಲ್ ಆಗಿದ್ದರೆ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಕು, ಪಾಸ್‌ವರ್ಡ್ ಕಣ್ಣೆದುರಿಗೇ ಇರುತ್ತದೆ. ಡಾಟ್‌ನೆಟ್ ಪ್ರೋಗ್ರಾಂ ಆಗಿದ್ದರೂ ಅದನ್ನು ಬಿಚ್ಚಿ ಓದುವ ಸಾಧನಗಳು ಪುಕ್ಕಟೆಯಾಗಿ ಸಿಗುತ್ತವೆ. ಡಾಟ್‌ನೆಟ್‌ನಲ್ಲಿ 'ಸೆಕ್ಯೂರ್ ಸ್ಟ್ರಿಂಗ್' ಎಂಬ ಜೋಪಾನದ ಚೀಲ ಇದೆ ನಿಜ. ಆದರೆ ಕೋಡಿನಲ್ಲೇ ಅಕ್ಷರ ಅಕ್ಷರವಾಗಿ ಬರೆದು ಆಮೇಲೆ ಚೀಲಕ್ಕೆ ತುಂಬಿದರೆ ಏನು ಬಂತು? ಬರೆದದ್ದು ಹೊರಗೇ ಉಳಿಯಿತಲ್ಲ. ಇನ್ನು ಅದು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಆಗಿದ್ದರೆ ಇಡೀ ಕಂಪ್ಯೂಟರೇ ಹೋಯಿತು.

ರನ್‌ಆಸ್‌ನಲ್ಲಿ 'ಸೇವ್‌ಕ್ರೆಡ್' ಎಂದೊಂದು ಆಯ್ಕೆ ಇದೆ. ಒಂದು ಸಲ ಪಾಸ್‌ವರ್ಡ್ ಕೊಟ್ಟರೆ ವಿಂಡೋಸ್ ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಕೇಳುವುದಿಲ್ಲ. ನೋಡಲು ಅನುಕೂಲ. ಆದರೆ ಅದು ಆ ಒಂದು ಪ್ರೋಗ್ರಾಂಗೆ ಮಾತ್ರ ಅಂತ ಕಟ್ಟುಬೀಳುವುದಿಲ್ಲ. ಆ ಹುಡುಗಿ ಅದೇ ಹೆಸರಿನಲ್ಲಿ ಇನ್ಯಾವ ಪ್ರೋಗ್ರಾಂ ಬೇಕಾದರೂ ನಡೆಸಬಹುದು, ಪಾಸ್‌ವರ್ಡ್ ಗೊತ್ತಿಲ್ಲದೆಯೇ. ನನ್ನ ಮಟ್ಟಿಗೆ ಇದು ಒಕ್ಕೂಟದ ಕಂಪ್ಯೂಟರಿಗೆ ಬೇಡವೇ ಬೇಡ.

ಹಾಗಾದರೆ ಸರಿಯಾದ ದಾರಿ?

ದಿನವೂ ಒಂದೇ ರೀತಿ ನಡೆಯುವ ಕೆಲಸಕ್ಕೆ ವಿಂಡೋಸ್‌ನಲ್ಲೇ 'ಟಾಸ್ಕ್ ಶೆಡ್ಯೂಲರ್' ಇದೆ. ಅಡ್ಮಿನಿಸ್ಟ್ರೇಟರ್ ಆದವರು ಒಂದು ಸಲ ಕೂತು, ಈ ಪ್ರೋಗ್ರಾಂ, ಈ ಅಕೌಂಟಿನ ಹೆಸರಿನಲ್ಲಿ, ದಿನಾ ಸಂಜೆ 5 ಗಂಟೆಗೆ ಎಂದು ನಿಗದಿ ಮಾಡಿ ಪಾಸ್‌ವರ್ಡ್ ಕೊಡುತ್ತಾರೆ. ಪಾಸ್‌ವರ್ಡನ್ನು ವಿಂಡೋಸ್ ಇಟ್ಟುಕೊಳ್ಳುತ್ತದೆ. ಕೋಡಿನಲ್ಲಿ ಇಲ್ಲ, ಚೀಟಿಯಲ್ಲಿ ಇಲ್ಲ, ಲೆಕ್ಕ ಬರೆಯುವವಳ ತಲೆಯಲ್ಲೂ ಇರಬೇಕಾಗಿಲ್ಲ. ಅವಳ ಕೆಲಸ ಆ ಹೊತ್ತಿಗೆ ಕಂಪ್ಯೂಟರ್ ಆನ್ ಇಟ್ಟಿರುವುದು ಅಷ್ಟೇ. ಠರಾವು ಮಾಡಿ "ಇಂಥ ದಿನ, ಇಂಥ ಕೆಲಸಕ್ಕೆ, ಇಷ್ಟು ಮೊತ್ತ" ಎಂದು ನಡವಳಿ ಪುಸ್ತಕದಲ್ಲಿ ಬರೆದು ಪ್ರತಿನಿಧಿಯನ್ನು ಬ್ಯಾಂಕಿಗೆ ಕಳಿಸುತ್ತೇವಲ್ಲ, ಹಾಗೆ.

ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಇದೇ ಕೆಲಸವನ್ನು 'ಸುಡೊ' ಮಾಡುತ್ತದೆ. ಅದು 1980ರ ಸುಮಾರಿಗೆ ಅಮೆರಿಕದ ಬಫಲೊ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಇಂಥವಳು ಇಂಥ ಒಂದು ಆಜ್ಞೆಯನ್ನು ಮಾತ್ರ ದೊಡ್ಡ ಅಧಿಕಾರದಲ್ಲಿ ನಡೆಸಬಹುದು ಎಂದು ಅದರಲ್ಲಿ ಬರೆದಿಡಬಹುದು. ಅವಳು ಕೊಡಬೇಕಾದ್ದು ತನ್ನದೇ ಪಾಸ್‌ವರ್ಡ್, ಮೇಲಿನವರದ್ದಲ್ಲ. ಯಾರು ಯಾವಾಗ ಏನು ನಡೆಸಿದರು ಎಂದು ದಾಖಲೆಯೂ ಆಗುತ್ತದೆ. ವಿಂಡೋಸ್‌ನಲ್ಲೂ ದಾಖಲೆ ಇದೆ. ಒಬ್ಬರು ಇನ್ನೊಬ್ಬರ ಹೆಸರು, ಪಾಸ್‌ವರ್ಡ್ ಕೊಟ್ಟು ಪ್ರೋಗ್ರಾಂ ನಡೆಸಿದ್ದು ಸೆಕ್ಯೂರಿಟಿ ಲಾಗ್‌ನಲ್ಲಿ 4648 ಎಂಬ ಸಂಖ್ಯೆಯಡಿ ಬರುತ್ತದೆ. ಆಡಿಟ್ ಮಾಡುವವರಿಗೆ ಈ ಸಂಖ್ಯೆ ಹೇಳಿಡಿ.

ಸಾಮಾನ್ಯವಾಗಿ ಬರುವ ತೊಂದರೆ

ಮೊದಲನೆಯದು, ಫೈಲ್ ಕಾಣೆಯಾಗುವುದು. ಬೇರೆ ಹೆಸರಿನಲ್ಲಿ ನಡೆದ ಪ್ರೋಗ್ರಾಂ 'ಡಾಕ್ಯುಮೆಂಟ್ಸ್'ನಲ್ಲಿ ಉಳಿಸಿದ ಫೈಲ್ ಹೋಗುವುದು ಆ ಹೆಸರಿನವರ ಡಾಕ್ಯುಮೆಂಟ್ಸ್‌ಗೆ, ನಮ್ಮದಕ್ಕಲ್ಲ. ಲೆಕ್ಕ ಹೋಯಿತು ಅಂತ ಗಾಬರಿ ಬೇಡ, ಅಲ್ಲಿ ಹುಡುಕಿಸಿ. ಎರಡನೆಯದು, ಪಾಸ್‌ವರ್ಡೇ ಇಲ್ಲದ ಅಕೌಂಟಿನ ಹೆಸರಿನಲ್ಲಿ ಹೀಗೆ ನಡೆಸಲು ವಿಂಡೋಸ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದು ಕೆಟ್ಟಿದೆ ಎಂದಲ್ಲ, ಎಚ್ಚರದಿಂದ ಇದೆ. ಇನ್ನು, 2007ರಲ್ಲಿ ಬಂದ ವಿಂಡೋಸ್ ವಿಸ್ಟಾದ ನಂತರ ಕೋಡ್ ಮೂಲಕ ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ ಶುರು ಮಾಡಿದರೂ ಪೂರ್ತಿ ಅಧಿಕಾರ ತಾನಾಗಿ ಬರುವುದಿಲ್ಲ. ಪರದೆ ಮಬ್ಬಾಗಿ "ಅನುಮತಿ ಇದೆಯೇ?" ಎಂದು ಕೇಳುವ ಹಂತ ಬೇರೆಯೇ ಇದೆ. ಅದು ಬಂದಾಗ ಓದದೆ 'ಯೆಸ್' ಒತ್ತಬೇಡಿ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು: ಬ್ಯಾಕಪ್ ಅಕೌಂಟಿನ ಪಾಸ್‌ವರ್ಡ್ ಬದಲಾಯಿಸಿ ಟಾಸ್ಕ್ ಶೆಡ್ಯೂಲರ್‌ನಲ್ಲಿ ಬದಲಾಯಿಸದಿದ್ದರೆ ಆ ದಿನದಿಂದ ಬ್ಯಾಕಪ್ ನಿಲ್ಲುತ್ತದೆ. ಪರದೆಯ ಮೇಲೆ ಯಾರಿಗೂ ಸುದ್ದಿ ಬರುವುದಿಲ್ಲ. ಕಂಪ್ಯೂಟರ್ ಕೆಟ್ಟ ದಿನ ನೋಡಿದರೆ ನಾಲ್ಕು ತಿಂಗಳ ಹಿಂದಿನ ಪ್ರತಿ ಮಾತ್ರ ಇರುತ್ತದೆ. ಅಷ್ಟು ದಿನ ಕಟ್ಟಿದ ಕಂತುಗಳಿಗೆ ಆಮೇಲೆ ಪಾಸ್‌ಬುಕ್ಕೇ ಗತಿ, ಪಾಸ್‌ಬುಕ್ ಬರೆಸದವರಿಗೆ ಗತಿ ಇಲ್ಲ. ತಿಂಗಳಿಗೊಮ್ಮೆ ಬ್ಯಾಕಪ್ ಫೋಲ್ಡರ್ ತೆರೆಸಿ ಕೊನೆಯ ಫೈಲಿನ ತಾರೀಕು ನೋಡಿ. ಒಂದು ಪ್ರತಿ ಕಂಪ್ಯೂಟರಿನ ಹೊರಗೂ ಇರಲಿ.

ಕಾನೂನಿನ ಮಾತೂ ತಿಳಿದಿರಲಿ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಅಥವಾ ಅಪ್ರಾಮಾಣಿಕವಾಗಿ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. 2008ರ ತಿದ್ದುಪಡಿಯಲ್ಲಿ ಸೇರಿದ ಈ ಕಲಮು 2009ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ.

ಮುಂದಿನ ಒಕ್ಕೂಟದ ಸಭೆಗೆ ಪ್ರೋಗ್ರಾಂ ಬರೆದುಕೊಟ್ಟವರನ್ನೂ ಕರೆಯಿರಿ. ಇದು ಯಾರ ಹೆಸರಿನಲ್ಲಿ ನಡೆಯುತ್ತದೆ, ಪಾಸ್‌ವರ್ಡ್ ಎಲ್ಲಿಟ್ಟಿದ್ದೀರಿ, ಆ ಹೆಸರಿಗೆ ಏನೇನು ಅಧಿಕಾರ ಕೊಟ್ಟಿದ್ದೀರಿ ಎಂದು ಕೇಳಿ. ಕೇಳಲು ಇಂಗ್ಲಿಷ್ ಬೇಕಾಗಿಲ್ಲ. ಪಾಸ್‌ವರ್ಡ್ ಕೋಡಿನಲ್ಲೇ ಇದೆ ಎಂದರೆ ಅದನ್ನು ತೆಗೆಸಿ, ಪಾಸ್‌ವರ್ಡನ್ನೂ ಬದಲಾಯಿಸಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿದ ಜಾಗದ ಮೇಲೆ ಇಬ್ಬರು ಪದಾಧಿಕಾರಿಗಳು ಸಹಿ ಮಾಡಿ ಬೀರುವಿನಲ್ಲಿಡಿ. ಲಕೋಟೆ ಒಡೆದ ದಿನ, ಕಾರಣ, ಒಡೆದವರ ಹೆಸರು ನಡವಳಿ ಪುಸ್ತಕಕ್ಕೆ ಬರಲಿ.