ಪಡೆದುದನ್ನು ಹಿಂತಿರುಗಿಸುವ ಕ್ರಮ: ಸಿ ಭಾಷೆಯಲ್ಲಿ ಸ್ಮೃತಿಕೋಶದ ನಿರ್ವಹಣೆ

ಪುಣೆ ನಗರಕ್ಕೂ ಗಣಕಯಂತ್ರಕ್ಕೂ ಇರುವ ನಂಟು ಹಳೆಯದು. 1988ರಲ್ಲಿ ಇಲ್ಲಿ ಸ್ಥಾಪನೆಗೊಂಡ ಸಿ-ಡ್ಯಾಕ್ ಸಂಸ್ಥೆಯು 1991ರಲ್ಲಿ 'ಪರಮ್ 8000' ಎಂಬ ಮಹಾಗಣಕವನ್ನು ನಿರ್ಮಿಸಿ ದೇಶಕ್ಕೆ ಕೀರ್ತಿ ತಂದಿತು. ಇಂದು ಹಿಂಜವಡಿಯ ಕಚೇರಿಗಳಲ್ಲಿ ದುಡಿಯುವ ಕನ್ನಡಿಗ ತರುಣ ತರುಣಿಯರಲ್ಲಿ ಹಲವರು ಮೊದಲು ಅಭ್ಯಸಿಸಿದುದು ಸಿ ಭಾಷೆಯನ್ನು. 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿಯವರು ರೂಪಿಸಿದ ಈ ಭಾಷೆಯು ಬಳಸುವವನಿಗೆ ಬಹಳ ಸ್ವಾತಂತ್ರ್ಯವನ್ನು ಕೊಡುತ್ತದೆ. ಅಷ್ಟೇ ಹೊಣೆಯನ್ನೂ ಹೊರಿಸುತ್ತದೆ.

ಒಂದು ಎಚ್ಚರಿಕೆಯ ಪ್ರಸಂಗ

ಲಂಡನ್ನಿನ ಆಂಬ್ಯುಲೆನ್ಸ್ ಸೇವೆಯು 1992ರಲ್ಲಿ ವಾಹನಗಳನ್ನು ಗಣಕಯಂತ್ರದ ಮೂಲಕ ರವಾನಿಸುವ ವ್ಯವಸ್ಥೆಯನ್ನು ಅಳವಡಿಸಿಕೊಂಡಿತು. ಅದೇ ವರ್ಷದ ನವೆಂಬರ್ 4ರ ನಸುಕಿನಲ್ಲಿ ಅದು ಸ್ತಬ್ಧವಾಯಿತು. ಪ್ರತಿಯೊಂದು ರವಾನೆಯಲ್ಲೂ ಅಲ್ಪ ಪ್ರಮಾಣದ ಸ್ಮೃತಿಯನ್ನು ಬಳಸಿ ಬಿಡುಗಡೆ ಮಾಡದೆ ಉಳಿಸಿದುದರಿಂದ, ಮೂರು ವಾರಗಳಲ್ಲಿ ಇದ್ದುದೆಲ್ಲ ಮುಗಿದುಹೋಗಿತ್ತೆಂದು ತನಿಖೆಯಿಂದ ತಿಳಿದುಬಂತು. ಸಿಬ್ಬಂದಿಯು ಮರಳಿ ಕಾಗದವನ್ನು ಆಶ್ರಯಿಸಬೇಕಾಯಿತು. ಇಂಥ ತಪ್ಪು ಯಾವ ಭಾಷೆಯಲ್ಲೂ ನಡೆಯಬಹುದು. ಸಿ ಭಾಷೆಯಲ್ಲಂತೂ ಅದಕ್ಕೆ ಅವಕಾಶ ಹೆಚ್ಚು.

ತತ್ತ್ವ

ಸಿ ಭಾಷೆಯಲ್ಲಿ 'ಮ್ಯಾಲಾಕ್' ಎಂಬುದರಿಂದ ಸ್ಮೃತಿಯನ್ನು ಪಡೆಯುವುದು, 'ಫ್ರೀ' ಎಂಬುದರಿಂದ ಹಿಂತಿರುಗಿಸುವುದು. ಮದುವೆಗೆ ಬಾಡಿಗೆಯ ಪಾತ್ರೆಗಳನ್ನು ತಂದಂತೆಯೇ ಇದು. ಹಿಂತಿರುಗಿಸಲು ಮರೆತರೆ ನಷ್ಟ. ಒಂದೇ ಪಾತ್ರೆಯನ್ನು ಎರಡು ಬಾರಿ ಹಿಂತಿರುಗಿಸಿದೆವೆಂದರೆ ಲೆಕ್ಕವೇ ಕೆಡುತ್ತದೆ. ಹಿಂತಿರುಗಿಸಿದ ಕೊಪ್ಪರಿಗೆಯಲ್ಲಿ ಮತ್ತೆ ಕೈಯಿಟ್ಟರೆ ಅಲ್ಲಿ ಬೇರೊಂದು ಮನೆಯ ಸಾರು ಕುದಿಯುತ್ತಿರುತ್ತದೆ! ಈ ಮೂರನೆಯ ತಪ್ಪೇ ಅತ್ಯಂತ ಅಪಾಯಕರ. ದುರುದ್ದೇಶಿಗಳು ಗಣಕಯಂತ್ರದೊಳಗೆ ನುಸುಳುವ ದಾರಿಗಳಲ್ಲಿ ಇದೂ ಒಂದು.

ಆದ್ದರಿಂದಲೇ ಮದುವೆಮನೆಯಲ್ಲಿ ಉಗ್ರಾಣಕ್ಕೆ ಒಬ್ಬನೇ ಯಜಮಾನ. ಕ್ರಮವಿಧಿಯಲ್ಲಿಯೂ ಪ್ರತಿಯೊಂದು ದತ್ತರಚನೆಗೆ ಒಂದೇ ವಿಸರ್ಜನಾ ಫಂಕ್ಷನ್ ಇರುವುದು ಒಳಿತು.

ಅನುಷ್ಠಾನ

ಸಂಘವೊಂದರ ಸದಸ್ಯರ ಪಟ್ಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪ್ರತಿ ಸದಸ್ಯನ ದಾಖಲೆಯಲ್ಲಿ ಹೆಸರು, ವಿಳಾಸ, ಮುಂದಿನ ದಾಖಲೆಯನ್ನು ತೋರಿಸುವ ಪಾಯಿಂಟರ್ ಇವೆ. ಹೆಸರಿಗೂ ವಿಳಾಸಕ್ಕೂ ಪ್ರತ್ಯೇಕವಾಗಿ ಸ್ಮೃತಿಯನ್ನು ಪಡೆಯಲಾಗಿದೆ.

1. ದಾಖಲೆ ಸಿದ್ಧವಾದೊಡನೆ ಅದರ ಎಲ್ಲ ಪಾಯಿಂಟರುಗಳನ್ನು 'ನಲ್' ಮಾಡಬೇಕು. ನಲ್ ಪಾಯಿಂಟರನ್ನು ಫ್ರೀಗೆ ಒಪ್ಪಿಸಿದರೆ ಯಾವ ಹಾನಿಯೂ ಇಲ್ಲ.

2. ಹೆಸರಿಗೆ ಸ್ಮೃತಿ ದೊರೆತು ವಿಳಾಸಕ್ಕೆ ದೊರೆಯದಿದ್ದರೂ ಅದೇ ವಿಸರ್ಜನಾ ಫಂಕ್ಷನ್ನನ್ನು ಕರೆದರೆ ಸಾಕು. ಅರ್ಧ ಕಟ್ಟಿದ ದಾಖಲೆಗೂ ಪೂರ್ಣ ದಾಖಲೆಗೂ ಒಂದೇ ದಾರಿ.

3. ವಿಸರ್ಜನೆಯಲ್ಲಿ ಮೊದಲು ಹೆಸರು ಮತ್ತು ವಿಳಾಸ, ಕೊನೆಗೆ ದಾಖಲೆ. ದಾಖಲೆಯೇ ಮೊದಲು ಹೋದರೆ, ಪಾತ್ರೆಗಳ ಚೀಟಿಯನ್ನು ಮೊದಲೇ ಹರಿದುಹಾಕಿದಂತೆ. ಒಳಗಿನವು ಎಲ್ಲಿವೆಯೆಂದು ತಿಳಿಯುವುದೆಂತು?

4. ದಾಖಲೆಯನ್ನು ಬಿಡುಗಡೆ ಮಾಡುವ ಮುನ್ನ ಮುಂದಿನ ದಾಖಲೆಯ ಪಾಯಿಂಟರನ್ನು ಬೇರೆಡೆ ಉಳಿಸಿಕೊಳ್ಳಬೇಕು.

5. ಎಲ್ಲ ಮುಗಿದ ಮೇಲೆ ಪಟ್ಟಿಯ ಮೂಲ ಪಾಯಿಂಟರನ್ನೂ ನಲ್ ಮಾಡಬೇಕು. ಆಗ ಫಂಕ್ಷನ್ ತಪ್ಪಿ ಎರಡನೆಯ ಬಾರಿ ಕರೆಯಲ್ಪಟ್ಟರೂ ಅನಾಹುತವಿಲ್ಲ.

ನಾಳೆ ದಾಖಲೆಗೆ ದೂರವಾಣಿ ಸಂಖ್ಯೆಯನ್ನು ಸೇರಿಸಿದರೆ, ವಿಸರ್ಜನೆಯಲ್ಲಿ ಒಂದೇ ಸಾಲು ಹೆಚ್ಚುತ್ತದೆ. ಇಪ್ಪತ್ತು ಕಡೆ ಫ್ರೀ ಚದುರಿದ್ದರೆ ಇಪ್ಪತ್ತು ಕಡೆ ತಿದ್ದಬೇಕು. ಹತ್ತೊಂಬತ್ತು ತಿದ್ದಿ ಒಂದನ್ನು ಮರೆಯುವುದು ಮನುಷ್ಯಸಹಜ.

ಆದರೆ ಒಂದು ಮಾತು. ಒಬ್ಬನೇ ಸದಸ್ಯನ ದಾಖಲೆಯನ್ನು ಎರಡು ಪಟ್ಟಿಗಳು ತೋರಿಸುತ್ತಿದ್ದರೆ, ಅದರ ಒಡೆತನ ಯಾವ ಪಟ್ಟಿಯದೆಂದು ಮೊದಲೇ ನಿಶ್ಚಯಿಸಬೇಕು. ಒಡೆಯರಿಬ್ಬರಾದರೆ ಉಗ್ರಾಣ ಉಳಿಯದು. 'ವ್ಯಾಲ್‌ಗ್ರಿಂಡ್'ನಂತಹ ಪರೀಕ್ಷಾ ಸಾಧನಗಳು ಉಳಿದ ಸೋರಿಕೆಯನ್ನು ತೋರಿಸಿಕೊಡುತ್ತವೆ. ಹೊಣೆಯನ್ನು ಮಾತ್ರ ಬರೆಯುವವನೇ ಹೊರಬೇಕು.