ನೀಲಿ ಮಗುವಿನ ಹೃದಯ

ನಾಲ್ಕು ವರ್ಷದ ಮಗುವೊಂದು ಅಂಗಳದಲ್ಲಿ ಆಡುತ್ತಿದೆ. ಹತ್ತು ಹೆಜ್ಜೆ ಓಡುವಷ್ಟರಲ್ಲಿ ಅದಕ್ಕೆ ಏದುಸಿರು. ನೇರಳೆಹಣ್ಣು ತಿಂದಂತೆ ತುಟಿ ನಾಲಗೆಗಳು ನೀಲಿಗಟ್ಟುತ್ತವೆ. ಆಗ ಅದು, ಯಾರೂ ಹೇಳಿಕೊಡದೆಯೇ, ಕುಕ್ಕರುಗಾಲಿನಲ್ಲಿ ಕುಳಿತುಬಿಡುತ್ತದೆ. ತುಸುಹೊತ್ತಿನಲ್ಲಿ ಚೇತರಿಸಿಕೊಂಡು ಏಳುತ್ತದೆ. ಈ ಕುಳಿತುಕೊಳ್ಳುವಿಕೆಯ ಗುಟ್ಟನ್ನು ಅರಿಯಬೇಕಾದರೆ ನಾವು ಹೃದಯದ ಒಳಗನ್ನು ನೋಡಬೇಕು.

ಆಮ್ಲಜನಕವನ್ನು ಕಳೆದುಕೊಂಡ ರಕ್ತವನ್ನು ಬಲಹೃತ್ಕುಕ್ಷಿಯು ಪುಪ್ಫುಸಧಮನಿಯ ಮೂಲಕ ಶ್ವಾಸಕೋಶಗಳಿಗೆ ತಳ್ಳುತ್ತದೆ. ಅಲ್ಲಿಂದ ಶುದ್ಧವಾಗಿ ಮರಳಿದ ರಕ್ತವನ್ನು ಎಡಹೃತ್ಕುಕ್ಷಿಯು ಮಹಾಧಮನಿಯ ಮೂಲಕ ದೇಹಕ್ಕೆಲ್ಲ ಕಳುಹಿಸುತ್ತದೆ. ನಡುವೆ ಒಂದು ಗೋಡೆಯುಂಟು. ಎರಡು ರಕ್ತಗಳೂ ಬೆರೆಯುವಂತಿಲ್ಲ.

ನಮ್ಮ ಮಗುವಿನ ಹೃದಯದಲ್ಲಿ ನಾಲ್ಕು ದೋಷಗಳಿವೆ. ನಡುಗೋಡೆಯಲ್ಲಿ ರಂಧ್ರ, ಪುಪ್ಫುಸಧಮನಿಯ ದಾರಿ ಇಕ್ಕಟ್ಟು, ಮಹಾಧಮನಿಯು ಎಡಗಡೆಯಷ್ಟೇ ಅಲ್ಲದೆ ರಂಧ್ರದ ಮೇಲೆಯೇ ಸವಾರಿಮಾಡಿ ನಿಂತಿದೆ, ಬಲಹೃತ್ಕುಕ್ಷಿಯ ಸ್ನಾಯು ದಪ್ಪವಾಗಿದೆ. ಫ್ರಾನ್ಸಿನ ವೈದ್ಯ ಫ್ಯಾಲೊ 1888ರಲ್ಲಿ ಇವನ್ನು ಒಟ್ಟಾಗಿ ವಿವರಿಸಿದುದರಿಂದ ಇದಕ್ಕೆ ಫ್ಯಾಲೊನ ಚತುಷ್ಟಯವೆಂದು ಹೆಸರು. ನಾಲ್ಕೆಂದು ಎಣಿಸಿದರೂ ಮೂಲದೋಷ ಒಂದೇ ಎನ್ನಬಹುದು. ಗರ್ಭದ ಮೊದಲ ಎರಡು ತಿಂಗಳೊಳಗೆ, ಹೃದಯದಿಂದ ಹೊರಡುವ ಒಂದೇ ಕೊಳವೆಯನ್ನು ತಡಿಕೆಯೊಂದು ಎರಡಾಗಿ ಸೀಳುತ್ತದೆ. ಆ ತಡಿಕೆ ಮುಂದಕ್ಕೆ ಸರಿದರೆ ಒಂದು ಪಾಲು ಕಿರಿದಾಗುತ್ತದೆ, ಇನ್ನೊಂದು ಹಿರಿದಾಗುತ್ತದೆ, ಕೆಳಗಿನ ಗೋಡೆಯೊಡನೆ ಕೂಡಿಕೊಳ್ಳದೆ ರಂಧ್ರ ಉಳಿಯುತ್ತದೆ. ಇಕ್ಕಟ್ಟಿನೆದುರು ದುಡಿದು ದುಡಿದು ಸ್ನಾಯು ದಪ್ಪವಾಗುವುದು ಇದರ ಫಲವಷ್ಟೇ.

ಶ್ವಾಸಕೋಶದ ದಾರಿ ಇಕ್ಕಟ್ಟಾದಾಗ ಮಲಿನರಕ್ತವು ರಂಧ್ರದ ಮೂಲಕ ನೇರವಾಗಿ ಮಹಾಧಮನಿಯನ್ನು ಸೇರುತ್ತದೆ. ಸೂಕ್ಷ್ಮನಾಳಗಳ 100 ಮಿಲಿಲೀಟರ್ ರಕ್ತದಲ್ಲಿ ಆಮ್ಲಜನಕವಿಲ್ಲದ ಹೀಮೊಗ್ಲೋಬಿನ್ ಸುಮಾರು 5 ಗ್ರಾಂ ಆದರೆ ನೀಲಿಬಣ್ಣ ಕಣ್ಣಿಗೆ ಬೀಳುತ್ತದೆ. ಆದುದರಿಂದ ರಕ್ತಹೀನತೆಯುಳ್ಳ ಮಗುವಿನಲ್ಲಿ ಇದೇ ರೋಗವಿದ್ದರೂ ನೀಲಿ ಕಾಣದೆ ಹೋಗಬಹುದು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಚರ್ಮಕ್ಕಿಂತ ನಾಲಗೆಯನ್ನು ನೋಡುವುದೇ ಮೇಲು.

ಇನ್ನು ಕುಕ್ಕರುಗಾಲು. ಹಾಗೆ ಕುಳಿತಾಗ ಕಾಲಿನ ಧಮನಿಗಳು ಅದುಮಲ್ಪಟ್ಟು ದೇಹದ ಕಡೆ ರಕ್ತಕ್ಕೆ ತಡೆ ಹೆಚ್ಚುತ್ತದೆ. ಮಹಾಧಮನಿಗೆ ನುಗ್ಗುವುದು ಕಷ್ಟವಾದಾಗ ಹೆಚ್ಚು ರಕ್ತ ಶ್ವಾಸಕೋಶದತ್ತ ತಿರುಗುತ್ತದೆ. ಶರೀರಶಾಸ್ತ್ರವನ್ನು ಓದದ ಮಗುವೇ ತನಗೆ ಚಿಕಿತ್ಸೆ ಮಾಡಿಕೊಳ್ಳುತ್ತದೆ!

ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆಲೆನ್ ಟಾಸಿಗ್ ಎಂಬ ವೈದ್ಯೆಯಿದ್ದರು. ಕಿವಿ ಮಂದವಾದುದರಿಂದ ಅವರು ಮಕ್ಕಳ ಎದೆಯ ಮೇಲೆ ಬೆರಳಿಟ್ಟು ಹೃದಯವನ್ನು ಪರೀಕ್ಷಿಸುವುದನ್ನು ರೂಢಿಸಿಕೊಂಡಿದ್ದರು. ಗರ್ಭದಲ್ಲಿ ಮಹಾಧಮನಿಯನ್ನೂ ಪುಪ್ಫುಸಧಮನಿಯನ್ನೂ ಕೂಡಿಸುವ ಕಿರುನಾಳವೊಂದು ಹುಟ್ಟಿದ ಬಳಿಕ ಮುಚ್ಚಿಕೊಳ್ಳುತ್ತದೆಯಷ್ಟೆ. ಅದು ಮುಚ್ಚದೆ ಉಳಿದ ನೀಲಿ ಮಕ್ಕಳು ಮೇಲಾಗಿದ್ದು, ಮುಚ್ಚಿದೊಡನೆ ಕೆಡುವುದನ್ನು ಅವರು ಕಂಡರು. ಹಾಗಾದರೆ ಅಂಥ ನಾಳವನ್ನು ನಾವೇ ಏಕೆ ನಿರ್ಮಿಸಬಾರದು?

ಶಸ್ತ್ರವೈದ್ಯ ಆಲ್‌ಫ್ರೆಡ್ ಬ್ಲೇಲಾಕ್ ಇದನ್ನು ಕೈಗೆತ್ತಿಕೊಂಡರು. ನಾಯಿಗಳ ಮೇಲೆ ಪ್ರಯೋಗಿಸಿ ಆ ಹೊಲಿಗೆಯನ್ನು ಸಾಧಿಸಿದವರು ಮಾತ್ರ ಅವರ ಪ್ರಯೋಗಶಾಲೆಯ ಸಹಾಯಕ ವಿವಿಯನ್ ಥಾಮಸ್. ಬಡಗಿಯ ಕೆಲಸ ಬಲ್ಲ ಈ ಕರಿಯ ತರುಣನಿಗೆ ವೈದ್ಯಪದವಿಯಿರಲಿಲ್ಲ. 1944ರ ನವೆಂಬರ್ 29ರಂದು, ಹದಿನೈದು ತಿಂಗಳಾದರೂ ಸುಮಾರು 4 ಕಿಲೋಗ್ರಾಂ ತೂಗುತ್ತಿದ್ದ ಹೆಣ್ಣುಮಗುವಿಗೆ, ತೋಳಿಗೆ ಹೋಗುವ ಧಮನಿಯನ್ನು ತಿರುಗಿಸಿ ಪುಪ್ಫುಸಧಮನಿಗೆ ಹೊಲಿಯಲಾಯಿತು. ಥಾಮಸ್ ಬ್ಲೇಲಾಕರ ಹಿಂದೆ ನಿಂತು ಹೇಳಿಕೊಡುತ್ತಿದ್ದರು. ತೋಳಿಗೆ ಇತರ ಸಣ್ಣ ನಾಳಗಳಿಂದ ರಕ್ತ ಒದಗುವುದರಿಂದ ತೋಳು ಉಳಿಯುತ್ತದೆ. ಆ ಮಗು ಕೆಲವು ತಿಂಗಳ ಬಳಿಕ ತೀರಿಕೊಂಡಿತು. ಅನಂತರದ ಅನೇಕ ಮಕ್ಕಳು ಬದುಕಿದರು. 1945ರ ಲೇಖನದಲ್ಲಿ ಥಾಮಸರ ಹೆಸರೇ ಇರಲಿಲ್ಲ. 1976ರಲ್ಲಿ ಅದೇ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ತಡವಾಯಿತೆಂದೇ ನಮ್ಮ ಎಣಿಕೆ.

ಈ ಜೋಡಣೆ ದೋಷವನ್ನು ತೆಗೆಯದು, ಅದನ್ನು ಬಳಸಿಹೋಗುತ್ತದೆ ಅಷ್ಟೆ. ಹೃದಯವನ್ನೇ ತೆರೆದು ರಂಧ್ರ ಮುಚ್ಚಿ ಇಕ್ಕಟ್ಟನ್ನು ಬಿಡಿಸುವ ಕಾರ್ಯವನ್ನು ಮಿನ್ನೆಸೋಟದಲ್ಲಿ ವಾಲ್ಟನ್ ಲಿಲಿಹೈ 1954ರಲ್ಲಿ ಸಾಧಿಸಿದರು. ಇಂದು ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಮಾಡುವರು. ಹೆಚ್ಚಿನ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ. ಆದರೆ ಅಗಲಿಸಿದ ದಾರಿಯ ಕವಾಟ ವರ್ಷಗಳ ಬಳಿಕ ಸೋರುವುದುಂಟು. ಆಗ ಹೊಸ ಕವಾಟವನ್ನು ಕೂರಿಸಬೇಕಾಗಬಹುದಾದ್ದರಿಂದ ಅವರು ಜೀವಮಾನವೆಲ್ಲ ಹೃದಯವೈದ್ಯರ ಬಳಿಗೆ ಹೋಗಿಬರುತ್ತಿರಬೇಕು.