ಬಿಸಿಲು ಇದ್ದಾಗಲೇ ಚಾರ್ಜು

ಈಗ ಊರೂರಿಗೂ ಕರೆಂಟ್ ಗಾಡಿ ಬಂದಿದೆ. ಪೆಟ್ರೋಲ್ ಬೇಡ. ಹೊಗೆ ಇಲ್ಲ. ಕೆಲವು ಮನೆಗಳ ಮೇಲೆ ಸೋಲಾರ್ ಫಲಕವೂ ಬಂದಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ‘ಪಿಎಂ ಸೂರ್ಯಘರ್’ ಯೋಜನೆ ಆರಂಭಿಸಿತು. ಮನೆಯ ಮೇಲೆ 2 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 60,000 ರೂಪಾಯಿ ಸಹಾಯಧನ ಅಂತ ಗೊತ್ತುಮಾಡಿತು.

ಮನೆಯಲ್ಲಿ ಗಾಡಿಯೂ ಇದೆ, ಸೋಲಾರೂ ಇದೆ. ಎರಡನ್ನೂ ಹೊಂದಿಸಿಕೊಳ್ಳುವುದು ಹೇಗೆ? ಈ ಪಾಠದಲ್ಲಿ ತಿಳಿಯೋಣ.

ಹೂ ಮಾರುವ ಅಕ್ಕ

ಹೂ ಮಾರುವ ಒಬ್ಬ ಅಕ್ಕ ಇದ್ದಾಳೆ ಅಂತ ಇಟ್ಟುಕೊಳ್ಳೋಣ. ಬೆಳಗಿನ ಜಾವ 5 ಗಂಟೆಗೆ ಸ್ಕೂಟರಿನಲ್ಲಿ ಮಾರುಕಟ್ಟೆಗೆ ಹೋಗುತ್ತಾಳೆ. 10 ಗಂಟೆಗೆ ಮನೆಗೆ ಬರುತ್ತಾಳೆ. ಸಂಜೆ 7 ಗಂಟೆಗೆ ಗಾಡಿಯನ್ನು ಚಾರ್ಜಿಗೆ ಹಾಕುತ್ತಾಳೆ.

ಸಂಜೆ 7 ಗಂಟೆಗೆ ಬಿಸಿಲು ಎಲ್ಲಿದೆ? ಚಾವಣಿಯ ಫಲಕದಿಂದ ಕರೆಂಟ್ ಬರುವುದಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಹೊತ್ತು ಮುಳುಗಿದರೆ ಅದೂ ನಿಲ್ಲುತ್ತದೆ. ಆದರೆ ಎಲ್ಲರ ಮನೆಯಲ್ಲೂ ಲೈಟು, ಟಿ.ವಿ., ಮಿಕ್ಸಿ ಓಡುವುದು ಆಗಲೇ. ಅದಕ್ಕೇ 2023ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಮಾಡಿತು. ಸ್ಮಾರ್ಟ್ ಮೀಟರ್ ಇರುವ ಮನೆಗೆ ಬಿಸಿಲಿನ ಹೊತ್ತು ದರ ಕಡಿಮೆ, ಬೇಡಿಕೆ ಏರುವ ಹೊತ್ತು ದರ ಹೆಚ್ಚು ಇರಬೇಕು ಅಂತ.

ಲೆಕ್ಕ ಮಾಡೋಣ

1,000 ವ್ಯಾಟ್ ಒಂದು ಗಂಟೆ ಬಳಸಿದರೆ 1 ಯೂನಿಟ್. 2 ಕಿಲೋವ್ಯಾಟಿನ ಫಲಕ ಒಳ್ಳೆಯ ಬಿಸಿಲಿನ ದಿನ ಸುಮಾರು 8 ಯೂನಿಟ್ ಕೊಡುತ್ತದೆ. ಅಕ್ಕನ ಚಾರ್ಜರ್ 750 ವ್ಯಾಟಿನದು. 4 ಗಂಟೆಗೆ 3 ಯೂನಿಟ್ ಆಯಿತು. ಹಗಲು 10ರಿಂದ 2ರ ತನಕ ಹಾಕಿದರೆ ಚಾವಣಿಯ ಕರೆಂಟೇ ಸಾಕು.

ಅಕ್ಕ ಕೇಳುತ್ತಾಳೆ: “ಮೋಡ ಬಂದರೆ? ಅಡುಗೆ ಬಿಟ್ಟು ಸ್ವಿಚ್ಚಿನ ಹತ್ತಿರ ಕೂರಲೇನು?”

ಬೇಡ ಅಕ್ಕ. ಆ ಕೆಲಸಕ್ಕೇ ಸಾಫ್ಟ್‌ವೇರ್ ಇದೆ. ಸಾಫ್ಟ್‌ವೇರ್ ಅಂದರೆ ಯಂತ್ರಕ್ಕೆ ಬರೆದುಕೊಟ್ಟ ಅಪ್ಪಣೆಗಳು. ಅದು ಮೂರು ವಿಷಯ ನೋಡುತ್ತದೆ.

1. ಫಲಕದಿಂದ ಎಷ್ಟು ಬರುತ್ತಿದೆ?
2. ಮನೆಗೆ ಎಷ್ಟು ಖರ್ಚಾಗುತ್ತಿದೆ?
3. ಗಾಡಿ ಎಷ್ಟು ಗಂಟೆಗೆ ಬೇಕು?

ಫಲಕದಿಂದ 1,500 ವ್ಯಾಟ್ ಬರುತ್ತಿದೆ. ಮನೆಗೆ 400 ಬೇಕು. ಉಳಿದದ್ದು 1,100. ಗಾಡಿಗೆ 750 ಸಾಕು. ಸಾಫ್ಟ್‌ವೇರ್ ಚಾರ್ಜ್ ಶುರು ಮಾಡುತ್ತದೆ. ಮೋಡ ಬಂತು. ಬರುವುದು 500ಕ್ಕೆ ಇಳಿಯಿತು. ಉಳಿಯುವುದು 100 ಮಾತ್ರ. ಚಾರ್ಜ್ ನಿಲ್ಲಿಸುತ್ತದೆ. ಮೋಡ ಸರಿದರೆ ಮತ್ತೆ ಶುರು. ದಿನವೆಲ್ಲ ಮೋಡವಿದ್ದರೆ, ಬೇಡಿಕೆ ಕಡಿಮೆ ಇರುವ ನಡುರಾತ್ರಿಯಲ್ಲಿ ಲೈನಿನ ಕರೆಂಟ್ ತೆಗೆದುಕೊಂಡು ತುಂಬಿಸುತ್ತದೆ.

ಎಲ್ಲ ಚಾರ್ಜರಿನಲ್ಲೂ ಈ ಸೌಲಭ್ಯ ಇರುವುದಿಲ್ಲ. ಕೊಳ್ಳುವ ಮೊದಲು ಕೇಳಿ. ಇಲ್ಲದಿದ್ದರೂ ಚಿಂತೆ ಬೇಡ. ಬಿಸಿಲು ನೋಡಿ ನಾವೇ ಸ್ವಿಚ್ ಹಾಕಬಹುದು.

ಇನ್ನೊಂದು ಮಾತು. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸೋಲಾರ್ ಇದ್ದರೆ, ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ಅದು ಕೆಟ್ಟಿಲ್ಲ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿದ್ದಾರೆ.

ಗಂಟೆ ಬರೆಯುವವರು ಯಾರು?

ಗಾಡಿ 5 ಗಂಟೆಗೆ ಬೇಕು ಅನ್ನುವುದು ಸಾಫ್ಟ್‌ವೇರಿಗೆ ತಾನಾಗಿ ಗೊತ್ತಿಲ್ಲ. ಮೊಬೈಲಿನಲ್ಲಿ ನಾವು ಬರೆಯಬೇಕು. ಬೇರೆ ಯಾರೋ 5ರ ಬದಲು 8 ಅಂತ ಬರೆದರೆ ಏನಾದೀತು? ಜಾವದಲ್ಲಿ ಗಾಡಿ ಓಡುವುದಿಲ್ಲ. ಒಳ್ಳೆಯ ಹೂವು ಬೇರೆಯವರ ಪಾಲು. ಅಂದಿನ ದುಡಿಮೆ ಹೋಯಿತು. ಅಂಕಿ ಓದಲು ಬಂದವರಿಗೆ ಈ ಭಯವಿಲ್ಲ. ಗಂಟೆಯನ್ನು ನಾವೇ ಬರೆಯೋಣ. ಬರೆದದ್ದನ್ನು ಮತ್ತೊಮ್ಮೆ ಓದೋಣ. ಗುಪ್ತಸಂಖ್ಯೆಯನ್ನು ಯಾರಿಗೂ ಹೇಳದಿರೋಣ.

ಉತ್ತರ ಬರೆಯಿರಿ

1. ಅಕ್ಕ ಎಷ್ಟು ಗಂಟೆಗೆ ಗಾಡಿಯನ್ನು ಚಾರ್ಜಿಗೆ ಹಾಕಿದರೆ ಒಳ್ಳೆಯದು? ಯಾಕೆ?
2. ಫಲಕದಿಂದ 1,200 ವ್ಯಾಟ್ ಬರುತ್ತಿದೆ. ಮನೆಗೆ 600 ಬೇಕು. 750 ವ್ಯಾಟಿನ ಚಾರ್ಜರಿಗೆ ಉಳಿದದ್ದು ಸಾಕೇ?
3. ನಿಮ್ಮ ಮನೆಯ ಕರೆಂಟ್ ಬಿಲ್ ತನ್ನಿ. ಈ ತಿಂಗಳು ಎಷ್ಟು ಯೂನಿಟ್? ಓದಿ ಹೇಳಿ.